ಯಾರು ಮೊದಲು ಒತ್ತಿದ್ದು?

1985ರಲ್ಲಿ ಸಿದ್ಧಾರ್ಥ ಬಸು ದೂರದರ್ಶನದಲ್ಲಿ ‘ಕ್ವಿಜ್ ಟೈಮ್’ ನಡೆಸಿಕೊಡಲು ಶುರುಮಾಡಿದ ಮೇಲೆ ಬೆಂಗಳೂರಿನ ಕಚೇರಿ, ಕಾರ್ಖಾನೆಗಳಿಗೂ ಆ ಗೀಳು ಹತ್ತಿತು. ಟಿವಿಯ ಆ ಕಾರ್ಯಕ್ರಮದಲ್ಲಿ ಆಡುತ್ತಿದ್ದವರು ಕಾಲೇಜು ಹುಡುಗರು. ನೌಕರರ ತಂಡಗಳನ್ನೇ ಕೂಡಿಸಿ ಕನ್ನಡದಲ್ಲಿ ಒಂದು ಟಿವಿ ರಸಪ್ರಶ್ನೆ ಮಾಡೋಣವೆಂದು ಕೆಲವರು ಹೊರಟಾಗ, ಎಲೆಕ್ಟ್ರಾನಿಕ್ಸ್ ವಿಭಾಗದವನೆಂಬ ಒಂದೇ ಕಾರಣಕ್ಕೆ ಮೊದಲು ಗುಂಡಿ ಒತ್ತಿದ ತಂಡದ ದೀಪ ಹೊತ್ತಿಸುವ ಬಜರ್ ಕಟ್ಟುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾರ್ಯಕ್ರಮ ಕೆಲವೇ ಕಂತುಗಳಲ್ಲಿ ಮುಗಿದುಹೋಯಿತು. ಬಜರ್ ಪೆಟ್ಟಿಗೆ ಮಾತ್ರ ನನ್ನಲ್ಲಿ ಉಳಿದಿದೆ.

ಮೊದಲು ಕಟ್ಟಿದ್ದು ರಿಲೇಗಳ, ಎಂದರೆ ವಿದ್ಯುತ್ತು ಹರಿದಾಗ ಅಯಸ್ಕಾಂತ ಎಳೆಯುವ ಸ್ವಿಚ್‌ಗಳ ಪೆಟ್ಟಿಗೆ. ಒಂದು ತಂಡದ ರಿಲೇ ಎಳೆದುಕೊಂಡರೆ ಉಳಿದ ಮೂರರ ದಾರಿ ಕಡಿಯಬೇಕು. ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ರಿಲೇ ಎಳೆದುಕೊಳ್ಳಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಇನ್ನೊಬ್ಬರು ಒತ್ತಿದರೆ ಎರಡು ದೀಪ ಹೊತ್ತಿಕೊಳ್ಳುತ್ತವೆ. ಅಷ್ಟು ಹತ್ತಿರ ಯಾರು ಒತ್ತುತ್ತಾರೆ ಎಂದು ಉಡಾಫೆ ಮಾಡಿದ್ದೆ. ಕ್ಯಾಂಟೀನಿನಲ್ಲಿ ನಡೆಸಿದ ತಾಲೀಮಿನಲ್ಲಿ ಜ್ಞಾನಪೀಠ ಪಡೆದ ಮೊದಲ ಕನ್ನಡಿಗ ಯಾರು ಎಂಬ ಪ್ರಶ್ನೆ ಬಂದದ್ದೇ ತಡ, ಎರಡು ದೀಪ, ಅದರ ಹಿಂದೆಯೇ ಜಗಳ. ಕಷ್ಟದ ಪ್ರಶ್ನೆಗೆ ಬಜರ್ ಹೇಗಿದ್ದರೂ ನಡೆಯುತ್ತದೆ, ಒತ್ತುವವನು ಒಬ್ಬನೇ. ಎಲ್ಲರಿಗೂ ಗೊತ್ತಿರುವ ಕುವೆಂಪು ಬಂದಾಗಲೇ ಅದರ ಯೋಗ್ಯತೆ ತಿಳಿಯುವುದು.

ರಿಲೇಗಳನ್ನು ಕಿತ್ತು, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು ಸಿಗುವ ಎಸ್.ಪಿ. ರೋಡಿಗೆ ಹೋದೆ. 7475, 7420 ಎಂಬ ಒಂದೊಂದು ಚಿಪ್, ಅವಕ್ಕೆ 5 ವೋಲ್ಟ್ ಕೊಡುವ ಒಂದು 7805, ನಾಲ್ಕು ಕಾಲಿಂಗ್ ಬೆಲ್ ಗುಂಡಿ. 7475ರಲ್ಲಿ ಗುಂಡಿ ಒತ್ತಿದ್ದನ್ನು ನೆನಪಿಟ್ಟುಕೊಳ್ಳುವ ನಾಲ್ಕು ಲ್ಯಾಚ್‌ಗಳಿವೆ, ತಂಡಕ್ಕೊಂದು. 7420ರಲ್ಲಿ ಎರಡು ಗೇಟ್‌ಗಳು, ಒಳಬಂದ ಸಂಕೇತಗಳನ್ನು ನೋಡಿ ಹೌದು-ಇಲ್ಲ ಎನ್ನುವ ಸರ್ಕ್ಯೂಟುಗಳು. ಅವುಗಳ ನಾಲ್ಕೂ ಔಟ್‌ಪುಟ್ 7420ರ ಮೊದಲ ಗೇಟಿಗೆ. ಅದರ ಫಲಿತಾಂಶ ಮತ್ತು ನಿರೂಪಕರ ರೀಸೆಟ್ ಗುಂಡಿ ಎರಡನೆಯ ಗೇಟಿಗೆ, ಅಲ್ಲಿಂದ ಲ್ಯಾಚ್‌ಗಳ ಬಾಗಿಲು ತೆರೆದು ಮುಚ್ಚುವ ಎನೇಬಲ್ ಕಾಲಿಗೆ. ಯಾರೂ ಒತ್ತದಿದ್ದಾಗ ಬಾಗಿಲು ತೆರೆದಿರುತ್ತದೆ. ಒಬ್ಬರು ಒತ್ತಿದೊಡನೆ ಅವರನ್ನು ಒಳಗಿಟ್ಟುಕೊಂಡು ಮುಚ್ಚಿಕೊಳ್ಳುತ್ತದೆ. ಅದೂ ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ. ಎರಡು ಗೇಟಿನ ಒಂದು ಚಿಪ್‌ನಲ್ಲಿ ಒಂದು ಗೇಟೂ ವ್ಯರ್ಥವಾಗಲಿಲ್ಲ ಎಂಬ ಖುಷಿ ನನಗೆ ಇವತ್ತಿಗೂ ಇದೆ. ಹೆಂಡತಿಗೆ ವಿವರಿಸಲು ಹೋಗಿ ಸೋತಿದ್ದೇನೆ.

ಕಾರ್ಖಾನೆಯಲ್ಲಿ ಒಂದು ತಪ್ಪೂ ಇಲ್ಲದೆ ನಡೆದ ಪೆಟ್ಟಿಗೆ ಸ್ಟುಡಿಯೋದಲ್ಲಿ ದೀಪಗಳು ಬೆಳಗಿದೊಡನೆ ಹುಚ್ಚು ಹಿಡಿದಂತಾಡಿತು. ಪ್ರಶ್ನೆ ಇನ್ನೂ ಕೇಳಿಲ್ಲ, ವಿಮಾ ಕಚೇರಿಯ ತಂಡದ ದೀಪ ಹೊತ್ತಿದೆ, ಅವರೋ ಕೈಕಟ್ಟಿ ಕುಳಿತಿದ್ದಾರೆ. ತಪ್ಪು ನನ್ನದೇ. ಸ್ಟುಡಿಯೋ ದೀಪಗಳ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಡಿಮ್ಮರ್‌ಗಳು ವಿದ್ಯುತ್ತಿನ ಅಲೆಯನ್ನು ನಡುವೆ ಕತ್ತರಿಸುತ್ತವೆ. ಪ್ರತಿ ಕತ್ತರಿಕೆಗೂ ಪಕ್ಕದ ತಂತಿಗಳಲ್ಲಿ ವೋಲ್ಟೇಜಿನ ಒಂದು ಚುಚ್ಚು ಹುಟ್ಟುತ್ತದೆ. ಪೆಟ್ಟಿಗೆಗೆ ಅದೂ ಗುಂಡಿ ಒತ್ತಿದಂತೆಯೇ. ನಾನು ಗುಂಡಿಗಳ 30 ಅಡಿ ತಂತಿಯನ್ನು ದೀಪಗಳ ದಪ್ಪ ಕೇಬಲ್‌ಗೆ ಅಂಟಿಸಿದಂತೆ ಉದ್ದಕ್ಕೂ ಹಾಸಿದ್ದೆ. ನೋಡಲು ಅಚ್ಚುಕಟ್ಟಾಗಿರಲಿ ಎಂದು!

ಊಟದ ಬಿಡುವಿನಲ್ಲಿ ಯಾರಿಂದಲೋ ಬೆಸುಗೆ ಕಡ್ಡಿ ಕೇಳಿ ತಂದು ನೆಲದ ಮೇಲೆ ಕುಳಿತೆ. ಗುಂಡಿ ಒತ್ತದಿರುವಾಗ ತಂತಿಯನ್ನು 5 ವೋಲ್ಟಿನಲ್ಲಿ ಹಿಡಿದಿಡುವ 10 ಕಿಲೋ ಓಮ್ ಪುಲ್-ಅಪ್ ರೆಸಿಸ್ಟರ್‌ಗಳನ್ನು ತೆಗೆದು, ಇನ್ನೂ ಬಿಗಿಯಾಗಿ ಹಿಡಿಯುವ 1 ಕಿಲೋ ಓಮ್ ಹಾಕಿದೆ. ಪ್ರತಿ ಇನ್‌ಪುಟ್‌ನಿಂದ ಸರ್ಕ್ಯೂಟಿನ ಗ್ರೌಂಡಿಗೆ, ಚುಚ್ಚನ್ನು ನುಂಗಿಕೊಳ್ಳಲು ಒಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟೆ. ತಂತಿಗಳನ್ನು ಜಡೆಯಂತೆ ಹೊಸೆದು, ದೀಪದ ಕೇಬಲ್‌ನಿಂದ ದೂರ ಸರಿಸಿ, ದಾಟಲೇಬೇಕಾದಲ್ಲಿ ಅಡ್ಡವಾಗಿ ದಾಟಿಸಿದೆ. ಪೆಟ್ಟಿಗೆಯ ವಿದ್ಯುತ್ ಗಂಟೆಯನ್ನೂ ಕಿತ್ತು 555 ಟೈಮರ್ ಚಿಪ್‌ನ ಸಣ್ಣ ಕೂಗು ಇಟ್ಟೆ. ಗಂಟೆಯ ಸುರುಳಿಯೂ ಇದೇ ಕಿಡಿಗೇಡಿತನ ಮಾಡುತ್ತಿತ್ತು, ಮೈಕಿಗೂ ಕರ್ಕಶ. ಮಧ್ಯಾಹ್ನವೆಲ್ಲ ಒಂದೇ ಒಂದು ಸುಳ್ಳು ದೀಪ ಹೊತ್ತಲಿಲ್ಲ. ನಮ್ಮ ಕಾರ್ಖಾನೆಯ ತಂಡ ಸೋತಿತು, ಅದು ಬೇರೆ ಮಾತು. ಪ್ರಶ್ನೆ ಅರ್ಧಕ್ಕಿರುವಾಗಲೇ ಒತ್ತುವ ಬ್ಯಾಂಕಿನವರ ಧೈರ್ಯ ನಮ್ಮವರಿಗಿರಲಿಲ್ಲ.

ಆಮೇಲೆ ಎಷ್ಟೋ ರಾಜ್ಯೋತ್ಸವದ ರಸಪ್ರಶ್ನೆಗಳಿಗೆ ಇದೇ ಪೆಟ್ಟಿಗೆ ಹೋಗಿ ಬಂದಿದೆ. ಚಿಪ್‌ಗಳು ಅವೇ ಇವೆ. ಗುಂಡಿಗಳ ಸ್ಪ್ರಿಂಗ್ ಎರಡು ಸಲ ಬದಲಾಗಿದೆ, ಎರಡೂ ಸಲ ಆ ಬ್ಯಾಂಕಿನವರು ಕುಳಿತಿದ್ದ ಜಾಗದ್ದೇ.