ಕ್ರಾನ್‌ಟ್ಯಾಬ್‌ನಲ್ಲಿ ‘ತಿಂಗಳ ಮೊದಲ ಸೋಮವಾರ’ ಸರಿಮಾಡಿದ್ದು

ಮಡಿಕೇರಿ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಳೆಯ ಇಂಚು, ಸೆಂಟ್ ಲೆಕ್ಕ ಇಡುವ ಲಿನಕ್ಸ್ ಕಂಪ್ಯೂಟರ್ ಇದೆ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ 6ಕ್ಕೆ ವರದಿ ಕಳಿಸಲೆಂದು ಕ್ರಾನ್‌ಟ್ಯಾಬ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಎಂಬ ಪ್ರೋಗ್ರಾಂ ಓದುವ ಪಟ್ಟಿ) 0 6 1-7 * 1 ಎಂದು ಬರೆದಿದ್ದೆ. ವರದಿ 1ರಿಂದ 7ರವರೆಗೆ ದಿನಾ ಬಂತು, ಆಮೇಲೆ ಪ್ರತಿ ಸೋಮವಾರವೂ ಬಂತು.

ಟೈಮ್‌ಝೋನ್ ಬದಲಿಸಿದೆ, ಕ್ರಾನ್ ರೀಸ್ಟಾರ್ಟ್ ಮಾಡಿದೆ. ಸರಿಹೋಗಲಿಲ್ಲ.

ಕೈಪಿಡಿಯಲ್ಲಿ ಐದು ಜಾಗಗಳ (ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ; * ಅಂದರೆ ಯಾವುದಾದರೂ ಸರಿ) ಪಟ್ಟಿ ಮಾತ್ರ ಓದಿದ್ದೆ. ಅದರ ಕೆಳಗಿನ ಮಾತೇ ಮುಖ್ಯ: ತಾರೀಕು, ವಾರ ಎರಡನ್ನೂ ಕೊಟ್ಟರೆ ಯಾವುದಾದರೂ ಒಂದು ಹೊಂದಿದರೂ ಕೆಲಸ ಓಡುತ್ತದೆ. ಎರಡೂ ಹೊಂದಬೇಕು ಅಂತ ನಾವೇ ಅಂದುಕೊಳ್ಳುತ್ತೇವೆ, ಅಲ್ವಾ?

ಸಾಲನ್ನು 0 6 1-7 * * ಮಾಡಿ. ವಾರದ ಪರೀಕ್ಷೆ ವರದಿ ಕಳಿಸುವ ಸ್ಕ್ರಿಪ್ಟ್‌ನ ಶುರುವಿನಲ್ಲೇ ಇರಲಿ: ಡೇಟ್ ಕಮಾಂಡ್‌ಗೆ ಪ್ಲಸ್, ಶೇಕಡಾ ಗುರುತು, ಸಣ್ಣಕ್ಷರದ ಯು ಕೊಡಿ, ಉತ್ತರ 1 (ಅಂದರೆ ಸೋಮವಾರ) ಅಲ್ಲದಿದ್ದರೆ ಅಲ್ಲೇ ಎಕ್ಸಿಟ್. ಈ ಪರೀಕ್ಷೆಯನ್ನು ಕ್ರಾನ್‌ಟ್ಯಾಬ್ ಸಾಲಿನಲ್ಲೇ ಬರೆಯುವುದಾದರೆ ಶೇಕಡಾ ಗುರುತಿಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಬೇಕು. ಇಲ್ಲದಿದ್ದರೆ ಕ್ರಾನ್ ಅದನ್ನು ಹೊಸ ಸಾಲು ಎಂದು ಓದುತ್ತದೆ.