ತಾರೀಕಿನ ಹಾಳೆ: ದತ್ತು ಮಕ್ಕಳ ಮನೆಭೇಟಿಯಲ್ಲಿ ನನ್ನ ಅನುಭವ

ದತ್ತು ಹೋದ ಮಕ್ಕಳ ಮನೆಗೆ ಹೋಗಿ, ಮಗು ಹೇಗಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಮಗುವಿಗೆ ಹಿಂಸೆ ಆಗುತ್ತಿದೆಯೇ ಎಂದು ತಿಳಿಯಲು, ಬೇರೆ ಬೇರೆಯವರು ಕಂಡದ್ದನ್ನು ತಾರೀಕಿನ ಪ್ರಕಾರ ಒಂದೇ ಹಾಳೆಯಲ್ಲಿ ಬರೆಯುತ್ತೇನೆ. ಹೋದ ಮಳೆಗಾಲದಲ್ಲಿ, ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯವರು ನನ್ನ ವರದಿ ತೆರೆಯುವ ಮೊದಲೇ "ನಿಮ್ಮ ಹಾಳೆ ಎಲ್ಲಿ, ಅದನ್ನು ಮೊದಲು ಕೊಡಿ" ಎಂದು ಕೇಳಿದರು. ಸುಮಾರು ಆರು ವರ್ಷದ ಹಿಂದೆ ಇದೇ ಹಾಳೆ ನೋಡಿ "ಇದೆಂತ ಮಾರಾಯ್ರೆ, ಪೊಲೀಸರ ಕೆಲಸ ನಿಮಗೆ ಯಾಕೆ?" ಅಂದವರೇ ಜಾಸ್ತಿ. ಆದ್ದರಿಂದ ಈಗ ಬರೆಯುತ್ತಿದ್ದೇನೆ. ಉಡುಪಿ, ಮಂಗಳೂರು ಕಡೆ ಇದೇ ಕೆಲಸ ಮಾಡುವವರಿಗೆ ಗೃಹ ಅಧ್ಯಯನ (ದತ್ತು ಕೊಡುವ ಮೊದಲು ಆ ಮನೆಯನ್ನು ವಿಚಾರಿಸುವುದು), ಕಾರಾ ಪೋರ್ಟಲ್ (ಕೇಂದ್ರ ಸರಕಾರದ ದತ್ತು ಪ್ರಾಧಿಕಾರದ ವೆಬ್‌ಸೈಟು) ಎಲ್ಲ ಹೇಳಿಕೊಡಬೇಕಾಗಿಲ್ಲ. ಮಕ್ಕಳ ಗುರುತು ಸಿಗಬಾರದು, ಹಾಗಾಗಿ ಊರು, ವಯಸ್ಸು ಸ್ವಲ್ಪ ಬದಲಿಸಿದ್ದೇನೆ.

ಮೊದಲು ಸೋತ ಕತೆ. ಒಬ್ಬ ಹುಡುಗ, ಎರಡೂವರೆ ವರ್ಷಕ್ಕೆ ದತ್ತು ಹೋದವನು. ನಿಯಮದಂತೆ ಆರು ತಿಂಗಳಿಗೊಮ್ಮೆ, ಎರಡು ವರ್ಷದಲ್ಲಿ ನಾಲ್ಕು ವರದಿ. ನಾಲ್ಕರಲ್ಲೂ ಒಂದೇ ವಾಕ್ಯ: "ಮಗು ಕುಟುಂಬದೊಂದಿಗೆ ಚೆನ್ನಾಗಿ ಹೊಂದಿಕೊಂಡಿದೆ." ಅದರಲ್ಲಿ ಎರಡನ್ನು ಬರೆದವಳು ನಾನೇ. ಫೋನ್ ಮಾಡಿ ಹೋಗುತ್ತಿದ್ದೆವು. ಗೋಳಿಬಜೆ, ಚಹಾ ತಯಾರಾಗಿರುತ್ತಿತ್ತು. ಹುಡುಗನಿಗೆ ಹೊಸ ಅಂಗಿ. ಪೊಟ್ಟಣದಿಂದ ಆಗಷ್ಟೇ ತೆಗೆದದ್ದು, ಮಡಿಕೆಯ ಗೆರೆ ಎದೆಯ ಮೇಲೆ ಹಾಗೇ ನಿಂತಿತ್ತು. ನಾನು ಬಿಸ್ಕತ್ತು ಕೊಟ್ಟೆ. ಅವನು ತೆಗೆದುಕೊಳ್ಳುವ ಮೊದಲು ತಾಯಿಯ ಮುಖ ನೋಡಿದ. ಎಡಗಿವಿಯ ಮೇಲ್ತುದಿ ಕಪ್ಪಾಗಿತ್ತು. "ಬಿದ್ದ" ಅಂದರು. ನಾನು ಒಪ್ಪಿಕೊಂಡು ಬಂದೆ. ಫಾರಂನಲ್ಲಿ ಕಿವಿಗೆ ಕಾಲಂ ಇರಲಿಲ್ಲ.

ಫೈಲು ಮುಚ್ಚಿ ನಾಲ್ಕೈದು ತಿಂಗಳಿಗೆ ಅವನು ಕೈ ಮುರಿದುಕೊಂಡು ಆಸ್ಪತ್ರೆಗೆ ಬಂದ. ಹಳೆಯ ಮುರಿತವೂ ಇತ್ತು ಎಂದು ಎಕ್ಸ್‌ರೇ ಹೇಳಿತು. ಆಮೇಲೆ ವಿಚಾರಿಸುತ್ತಾ ಹೋದೆ. ಅಂಗನವಾಡಿ ಟೀಚರಿಗೆ ಅವನು ವಾರಗಟ್ಟಲೆ ಬಾರದ್ದು ಗೊತ್ತಿತ್ತು. ಪಕ್ಕದ ಮನೆ ಅಕ್ಕನಿಗೆ ರಾತ್ರಿ ಅಳು ಕೇಳುತ್ತಿತ್ತು. ಒಬ್ಬ ಡಾಕ್ಟರು ಕಿವಿಗೆ ಮದ್ದು ಬರೆದಿದ್ದರು. ಎಲ್ಲರ ಹತ್ತಿರ ಒಂದೊಂದು ತುಂಡು. ಜೋಡಿಸಿದವರು ಯಾರೂ ಇಲ್ಲ. ಮಕ್ಕಳು ಬಿದ್ದರೆ ಹಣೆ, ಮೊಣಕಾಲು, ಮೊಣಕೈ ತಾಗುತ್ತದೆ. ಕಿವಿ, ಕುತ್ತಿಗೆ, ಹೊಟ್ಟೆಯ ಮೇಲೆ ನೀಲಿ ಕಂಡರೆ ಅಲ್ಲೇ ನಿಲ್ಲಬೇಕು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ "ಎಂಟು ವರ್ಷ ಕಾದು ತಂದ ಮಗುವನ್ನು ಯಾರಾದರೂ ಹೊಡೆಯುತ್ತಾರಾ" ಎಂಬ ಮಾತು ನನ್ನ ಕಣ್ಣು ಕಟ್ಟಿತು. ನಮ್ಮಲ್ಲಿ ದತ್ತು ತಂದೆತಾಯಿಗೆ ಸಿಗುವ ಗೌರವ ದೊಡ್ಡದು. ಅದು ನ್ಯಾಯವೇ. ಹೆಚ್ಚಿನವರು ಅದಕ್ಕೆ ಯೋಗ್ಯರೇ. ಆದರೆ ಆ ಗೌರವದ ಮರೆಯಲ್ಲಿ ಮಗುವಿನ ಕಿವಿ ಕಾಣದೇ ಹೋಗುತ್ತದೆ.

2016ರಲ್ಲಿ ಬಿಹಾರದಿಂದ ಅಮೆರಿಕದ ಟೆಕ್ಸಾಸ್‌ಗೆ ದತ್ತು ಹೋದ ಮೂರು ವರ್ಷದ ಹುಡುಗಿ 2017ರ ಅಕ್ಟೋಬರ್‌ನಲ್ಲಿ ಸತ್ತದ್ದು ನಿಮಗೆ ನೆನಪಿರಬಹುದು. ಸಾಕು ತಂದೆಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅವಳ ವಿಷಯದಲ್ಲೂ ಭೇಟಿಯ ವರದಿಗಳು ಹೋಗಿದ್ದವು. ಆ ಸುದ್ದಿ ಓದುವಾಗ ನನಗೆ ನಾನು ಬರೆದ ವಾಕ್ಯವೇ ಕಣ್ಣಿಗೆ ಕಟ್ಟುತ್ತದೆ.

ಹಾಳೆ ಅಂದರೆ ದೊಡ್ಡದೇನಲ್ಲ. ಒಂದು ಫುಲ್‌ಸ್ಕೇಪ್ ಕಾಗದ. ಎಡಕ್ಕೆ ತಾರೀಕು, ನಡುವೆ ಕಂಡದ್ದು, ಬಲಕ್ಕೆ ಯಾರು ಕಂಡದ್ದು. ಅಂಗನವಾಡಿಯ ತೂಕ, ಶಾಲೆಯ ಹಾಜರಿ, ಕ್ಲಿನಿಕ್ಕಿನ ಚೀಟಿ, ನನ್ನ ಭೇಟಿ, ಎಲ್ಲ ಒಂದೇ ಸಾಲಿನಲ್ಲಿ. "ಅನಿಸಿತು" ಎಂಬ ಪದ ಬರೆಯುವಂತಿಲ್ಲ. ಮನೆಯವರ ಕಾರಣವನ್ನು ಅವರದೇ ಮಾತಿನಲ್ಲಿ ಬರೆಯಬೇಕು. ಇದು ಮುಖ್ಯ, ಯಾಕೆಂದರೆ ಕಾರಣ ಬದಲಾಗುತ್ತಾ ಹೋಗುತ್ತದೆ.

ಹಾಳೆ ಬಳಸಿದ ಎರಡನೆಯ ಸಲವೇ ದೊಡ್ಡ ತಪ್ಪು ಮಾಡಿದೆ. ಒಂದು ಕೂಸಿನ ಬೆನ್ನಿನ ಕೆಳಗೆ, ಕುಂಡೆಯ ಮೇಲೆ ಬೂದುನೀಲಿ ಕಲೆ. ಓಡಿಹೋಗಿ ವರದಿ ಕೊಟ್ಟೆ. ಮಕ್ಕಳ ಡಾಕ್ಟರು ಒಂದೇ ನಿಮಿಷದಲ್ಲಿ ಹೇಳಿದರು: ಹುಟ್ಟಿನಿಂದ ಬರುವ ಮಂಗೋಲಿಯನ್ ಕಲೆ, ತಾನಾಗಿ ಮಾಸುತ್ತದೆ. ಆ ತಾಯಿ ನನ್ನೆದುರು ಅತ್ತರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಚೇರಿಯಲ್ಲಿ ಮೇಲಿನವರು "ಹಾಳೆ ಗೀಳೆ ಸಾಕು" ಅಂದರು. ಅಂದಿನಿಂದ ದತ್ತು ಕೇಂದ್ರದಿಂದ ಮಗು ಹೊರಡುವ ದಿನವೇ ಮೈಮೇಲಿನ ಹುಟ್ಟುಕಲೆಗಳನ್ನೆಲ್ಲ ಹಾಳೆಯ ಮೊದಲ ಸಾಲಿನಲ್ಲಿ ಬರೆಸುತ್ತೇನೆ. ದಿಂಬಿನಡಿ ಚಪಾತಿ ಬಚ್ಚಿಡುವುದನ್ನೂ ಹಾಗೆಯೇ ತಪ್ಪು ತಿಳಿದಿದ್ದೆ. ಹಸಿದು ಬಂದ ಮಗು ಹೊಟ್ಟೆ ತುಂಬಿದ ಮೇಲೂ ಕೆಲವು ತಿಂಗಳು ಬಚ್ಚಿಡುತ್ತದೆ. ಅದೊಂದರಿಂದಲೇ ಏನನ್ನೂ ಹೇಳುವಂತಿಲ್ಲ.

ಹಾಳೆ ಕೆಲಸಕ್ಕೆ ಬಂದದ್ದು ಒಬ್ಬಳು ಹುಡುಗಿಯ ವಿಷಯದಲ್ಲಿ. ಮೂರು ವರ್ಷಕ್ಕೆ ಹನ್ನೆರಡೂವರೆ ಕಿಲೋ ಇದ್ದವಳು ವರ್ಷ ಕಳೆದಾಗ ಹನ್ನೆರಡಕ್ಕೆ ಇಳಿದಿದ್ದಳು. ಆ ವಯಸ್ಸಿನಲ್ಲಿ ವರ್ಷಕ್ಕೆ ಎರಡು ಕಿಲೋದಷ್ಟು ಏರಬೇಕು. ಅಷ್ಟರಲ್ಲಿ ಅಂಗನವಾಡಿ ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕಿದ್ದರು, ತೂಕದ ಗೆರೆ ಅಲ್ಲಿಗೇ ನಿಂತಿತ್ತು. ಶಾಲೆಯ ಹಾಜರಿಯಲ್ಲಿ ಹನ್ನೊಂದು ದಿನ ಖಾಲಿ. ಆ ಹನ್ನೊಂದು ದಿನದ ಮೊದಲನೆಯ ದಿನ ಒಂದು ಕ್ಲಿನಿಕ್ಕಿನ ಚೀಟಿ: ಬಿಸಿನೀರು, ಎರಡೂ ಪಾದ. "ಬಚ್ಚಲಲ್ಲಿ ಹಂಡೆಯಿಂದ ತೋಡುವಾಗ ಚೊಂಬು ಜಾರಿತು" ಎಂದು ತಂದೆ ಹೇಳಿದರು. ನೆಂಟರು ಬಂದಾಗ ಕಾರಣ ಬೇರೆ ಇತ್ತು, ಗಂಜಿ ತಿಳಿ ಚೆಲ್ಲಿದ್ದು.

ನಾನು ಪಾದ ನೋಡಿದೆ. ಗುಣವಾಗಿತ್ತು, ಆದರೆ ಬಣ್ಣ ಬೇರೆ. ಎರಡೂ ಕಾಲಿನಲ್ಲಿ ಪಾದದ ಗಂಟಿನ ಮೇಲೆ ಒಂದೇ ಎತ್ತರಕ್ಕೆ ಗೆರೆ, ಸಾಕ್ಸ್ ಹಾಕಿದ ಹಾಗೆ. ನೀರು ಚೆಲ್ಲಿದರೆ ಅಲ್ಲಲ್ಲಿ ಹನಿ ಸಿಡಿಯುತ್ತದೆ, ಒಂದು ಕಾಲಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಇಷ್ಟು ನೇರ ಗೆರೆ ಹೆಚ್ಚಾಗಿ ಕಾಲನ್ನು ಅದ್ದಿ ಹಿಡಿದರೆ ಬರುತ್ತದೆ. ಇದನ್ನು ನಾನು ತೀರ್ಮಾನ ಮಾಡಲಿಲ್ಲ. ಹಾಳೆಯನ್ನು ಸಮಿತಿಗೆ ಕೊಟ್ಟೆ, ಅವರು ಸರಕಾರಿ ಆಸ್ಪತ್ರೆಗೆ ಕಳಿಸಿದರು, ಡಾಕ್ಟರು ಬರೆದುಕೊಟ್ಟರು. ಅದೇ ಸಂಜೆ ಮಗು ಆ ಮನೆಯಿಂದ ಹೊರಗೆ ಬಂತು. ಮಕ್ಕಳ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಸಾಕು ತಂದೆತಾಯಿಗೂ ಅನ್ವಯಿಸುತ್ತದೆ. ಕೇಸು ನಡೆಯುತ್ತಿದೆ, ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಒಟ್ಟು ಮೂರು ಮಕ್ಕಳು ಸಮಯಕ್ಕೆ ಸರಿಯಾಗಿ ಹೊರಗೆ ಬಂದದ್ದು ಈ ಹಾಳೆಯಿಂದ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಖರ್ಚು ಕೇಳುವವರಿದ್ದಾರೆ. ಬೈಂದೂರು, ಕಾರ್ಕಳ ಕಡೆ ಸ್ಕೂಟರಿನ ಪೆಟ್ರೋಲು, ಜೆರಾಕ್ಸ್, ಫೋಟೋ ಪ್ರಿಂಟ್ ಸೇರಿ ಮೊದಲ ಎರಡು ವರ್ಷ ಕೈಯಿಂದ ಮೂವತ್ತೈದು, ನಲವತ್ತು ಸಾವಿರ ಹೋಗಿರಬೇಕು. ಪ್ರಯಾಣಭತ್ಯೆ ಎಂಟು ತಿಂಗಳು ತಡ, ಅದೂ ಅರ್ಧ. ಒಂದು ಮಗುವಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸಾವಿರದ ಇನ್ನೂರು ರೂಪಾಯಿ ಸಾಕು. ಇಷ್ಟನ್ನು ಯೋಜನೆಯಲ್ಲೇ ಇಡಿ ಎಂದು ಎರಡು ಸಲ ಬರೆದು ಕೊಟ್ಟಿದ್ದೇನೆ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಮೈಯ ಚಿತ್ರ ಕೊಟ್ಟು "ಎಲ್ಲಿ ನೋವು, ಬಣ್ಣ ಹಚ್ಚು" ಅಂದರೆ ಚಿಕ್ಕ ಮಕ್ಕಳು ಇಡೀ ಚಿತ್ರಕ್ಕೆ ಬಣ್ಣ ಹಚ್ಚುತ್ತಾರೆ, ಪ್ರಯೋಜನ ಇಲ್ಲ. ಭಾಷೆ ಗಮನಿಸಿದ್ದು ಮಾತ್ರ ಫಲ ಕೊಟ್ಟಿತು. ರಾಯಚೂರು ಕಡೆಯ ಮಗು ಇಲ್ಲಿ ತುಳು, ಕೊಂಕಣಿ ಮನೆಗೆ ಬರುತ್ತದೆ. ಕೆಲವು ವಾರ ಮೌನ ಸಹಜ. ಆದರೆ ತುಳು ಕಲಿತು ಹರಟುತ್ತಿದ್ದ ಮಗು ಮತ್ತೆ ಬಾಯಿ ಮುಚ್ಚಿದರೆ ಆ ತಾರೀಕು ಹಾಳೆಗೆ ಬರಲೇಬೇಕು. ಫೋನ್ ಮಾಡದೆ ಮನೆಭೇಟಿಗೆ ಹೋಗುವುದು ವಾರದ ಯಾವ ದಿನ, ಅಂಗಡಿಗೆ ಕೈಹಿಡಿದು ನಡೆಯುವಾಗ ಮಗುವಿಗೆ ಕೇಳುವ ಆ ಒಂದು ಪ್ರಶ್ನೆ ಯಾವುದು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಎದುರು ಬಂದು ಕೇಳಿದರೆ ಹೇಳಿಕೊಡುತ್ತೇನೆ.

ನನ್ನ ಕೈಗೆ ಸಿಗದ ಮಕ್ಕಳು ಬೇರೆಯೇ ಇದ್ದಾರೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸಿ ನೆಂಟರಿಂದ, ಪರಿಚಯದವರಿಂದ ತೆಗೆದುಕೊಂಡ ಮಕ್ಕಳು. ಅವರಿಗೆ ಗೃಹ ಅಧ್ಯಯನ ಇಲ್ಲ, ಆರು ತಿಂಗಳ ಭೇಟಿ ಇಲ್ಲ, ಫೈಲೇ ಇಲ್ಲ. ಅವರ ಮನೆ ಬಾಗಿಲು ತಟ್ಟುವ ಅಧಿಕಾರ ನನಗಿಲ್ಲ. ಆದರೆ ಅಂಗನವಾಡಿಯ ತಕ್ಕಡಿ ಎಲ್ಲ ಮಕ್ಕಳಿಗೂ ಒಂದೇ ಅಲ್ವಾ? ತೂಕ ಎರಡು ತಿಂಗಳು ಇಳಿದರೆ, ಹೇಳಿದ ಕಾರಣ ಬದಲಾದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿ ಎಂದು ಟೀಚರುಗಳಿಗೆ ಹೇಳುತ್ತಾ ತಿರುಗುತ್ತಿದ್ದೇನೆ. ಕುಂದಾಪುರದ ಆಚೆ ಈಗ ಏಳು ಜನ ಒಪ್ಪಿದ್ದಾರೆ. ಹೋದ ವಾರ ಒಬ್ಬರು ಮೊದಲ ಹಾಳೆ ತುಂಬಿ ಕಳಿಸಿದರು, ಪೆನ್ಸಿಲಿನಲ್ಲಿ, ಆರು ಸಾಲು.