ಸಮವಸ್ತ್ರ ತೊಟ್ಟು ವೈದ್ಯರಾಗುವ ದಾರಿ

ನಮ್ಮ ಬೀದಿಯ ಹುಡುಗಿಯೊಬ್ಬಳು ಸೇನೆಯಲ್ಲಿ ವೈದ್ಯೆಯಾಗುತ್ತೇನೆಂದು ಎಂಟನೇ ತರಗತಿಯಿಂದಲೇ ಹೇಳುತ್ತಿದ್ದಳು. ನೀಟ್‌ನಲ್ಲಿ ಅಂಕವೂ ಚೆನ್ನಾಗಿ ಬಂತು. ಮನೆಯವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ, ಅಂದರೆ ಕೆಇಎಯಲ್ಲಿ, ಹೆಸರು ನೋಂದಾಯಿಸಿ, ಪುಣೆಯ ಸೇನಾ ವೈದ್ಯಕೀಯ ಕಾಲೇಜಿನ ಸೀಟು ಕೂಡ ಅಲ್ಲಿಂದಲೇ ಬರುತ್ತದೆಂದು ಕಾದರು. ಬರಲಿಲ್ಲ. ಪುಣೆಯ ದಾರಿ ಕೆಇಎ ಮೂಲಕ ಹೋಗುವುದೇ ಇಲ್ಲವೆಂದು ತಿಳಿಯುವ ಹೊತ್ತಿಗೆ ಗಡುವು ಮುಗಿದಿತ್ತು. ಅಂಥ ಸಂಕಟ ಇನ್ನೊಂದು ಮನೆಗೆ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ಆರಂಭವಾದದ್ದು 1948ರಲ್ಲಿ. ಎಂಬಿಬಿಎಸ್ ತರಗತಿ ಶುರುವಾದದ್ದು 1962ರಲ್ಲಿ. ಭಾರತದ ವಿದ್ಯಾರ್ಥಿಗಳಿಗೆ ಅಲ್ಲಿರುವುದು 145 ಸೀಟು: ಹುಡುಗರಿಗೆ 115, ಹುಡುಗಿಯರಿಗೆ 30. ಬೋಧನಾ ಶುಲ್ಕವಿಲ್ಲ, ವಸತಿಗೆ ಬಾಡಿಗೆಯಿಲ್ಲ.

ಅರ್ಜಿಗೂ ಮೊದಲು ಏಳು ವರ್ಷದ ಮಾತು

ಶುಲ್ಕವಿಲ್ಲ ಎಂದೊಡನೆ ಅನೇಕ ತಂದೆತಾಯಂದಿರ ಕಣ್ಣು ಅರಳುತ್ತದೆ. ಆದರೆ ಅದು ಪುಕ್ಕಟೆ ಸೀಟಲ್ಲ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿದ ಮೇಲೆ 7 ವರ್ಷ ಸೇನೆಯಲ್ಲಿ ಕೆಲಸ ಮಾಡಬೇಕು. ನಡುವೆ ಬಿಟ್ಟು ಹೋಗುವವರು ಲಕ್ಷಗಟ್ಟಲೆ ಬಾಂಡ್ ಹಣ ಕಟ್ಟಬೇಕಾಗುತ್ತದೆ. ಓದುವಾಗ ಮದುವೆಯಾಗುವಂತಿಲ್ಲ. ಕೆಲಸದ ಊರನ್ನು ಆರಿಸುವವರು ನೀವಲ್ಲ. ಅದು ಲೇಹ್ ಆಗಬಹುದು, ಈಶಾನ್ಯದ ಗಡಿಯಾಗಬಹುದು, ಹಡಗೂ ಆಗಬಹುದು. ಹದಿನೆಂಟರ ಮಗ ಅಥವಾ ಮಗಳನ್ನು ಎದುರು ಕೂರಿಸಿಕೊಂಡು ಮೊದಲು ಈ ಮಾತನ್ನೇ ಆಡಿ. ಉತ್ತರ ತಡವರಿಸಿದರೆ ಒತ್ತಾಯಿಸಬೇಡಿ. ಫೀಸು ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಅಲ್ಲಿಗೆ ಕಳುಹಿಸುವುದು ಮಕ್ಕಳಿಗೂ ಅನ್ಯಾಯ, ಮುಂದೆ ಅವರನ್ನು ನಂಬಿ ಬರುವ ಗಾಯಾಳು ಸೈನಿಕರಿಗೂ ಅನ್ಯಾಯ.

ಅರ್ಹತೆ

ಅವಿವಾಹಿತರಾಗಿರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು, 24 ತುಂಬಿರಬಾರದು. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮೂರೂ ಸೇರಿ ಶೇ 60, ಬಿಡಿಬಿಡಿಯಾಗಿ ಮತ್ತು ಇಂಗ್ಲಿಷಿನಲ್ಲಿ ತಲಾ ಶೇ 50 ಅಂಕ ಬೇಕು. ದ್ವಿತೀಯ ಪಿಯುಸಿಯನ್ನು ಮೊದಲ ಪ್ರಯತ್ನದಲ್ಲೇ ಪಾಸು ಮಾಡಿರಬೇಕೆಂಬ ಷರತ್ತಿದೆ. ನಮ್ಮಲ್ಲಿ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಈ ಸಾಲನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ತಪ್ಪದೆ ಓದಿಕೊಳ್ಳಿ.

ನೋಂದಣಿ: ಎಡವುವುದು ಇಲ್ಲೇ

ನೀಟ್ ಬರೆಯುವುದು ಎಲ್ಲರಂತೆಯೇ. ಫಲಿತಾಂಶದ ನಂತರ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ, ಅಂದರೆ ಎಂಸಿಸಿಯ, ಜಾಲತಾಣದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿ, ಅಲ್ಲಿ ಎಎಫ್‌ಎಂಸಿಯನ್ನು ಆಯ್ಕೆ ಮಾಡಬೇಕು. ಕೆಇಎ ನೋಂದಣಿ ರಾಜ್ಯದ ಸೀಟುಗಳಿಗೆ ಮಾತ್ರ. ಎರಡನ್ನೂ ಮಾಡಿ. ಎಂಸಿಸಿಯ ಗಡುವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿಡಿ.

ಪುಣೆಯ ಕರೆ

ನೀಟ್ ಅಂಕದ ಮೇಲೆ ಆಯ್ದವರನ್ನು ಪುಣೆಗೆ ಕರೆಯುತ್ತಾರೆ. ಬೆಂಗಳೂರಿನಿಂದ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಪುಣೆಯ ಮೂಲಕವೇ ಹಾದುಹೋಗುತ್ತದೆ. ಕೆಲವು ದಿನ ಉಳಿಯುವ ತಯಾರಿ ಮಾಡಿಕೊಂಡು ಹೊರಡಿ.

ಅಲ್ಲಿ ಮೊದಲು ಎದುರಾಗುವುದು ಟಿಒಇಎಲ್‌ಆರ್ (ToELR) ಎಂಬ ಕಂಪ್ಯೂಟರ್ ಪರೀಕ್ಷೆ. ಇಂಗ್ಲಿಷ್ ಭಾಷೆ, ಓದಿ ಗ್ರಹಿಸುವುದು, ತರ್ಕ ಇವುಗಳ ಮೇಲೆ ಅರ್ಧ ಗಂಟೆಯಲ್ಲಿ 40 ಪ್ರಶ್ನೆ, 80 ಅಂಕ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ನೀಟ್ ಅನ್ನು ಕನ್ನಡದಲ್ಲಿ ಬರೆಯಬಹುದು, ಇದನ್ನು ಬರೆಯಲಾಗದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹೆದರಿ ಹಿಂದೆ ಸರಿಯುವುದು ಇಲ್ಲೇ. ಸರಿಯಬೇಡಿ. ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ನಿಮ್ಮದೇ ಐದು ವಾಕ್ಯಗಳಲ್ಲಿ ಬರೆಯಿರಿ. ಎರಡು ವರ್ಷ ಹೀಗೆ ಮಾಡಿದವರಿಗೆ ಈ ಅರ್ಧ ಗಂಟೆ ಬೆಟ್ಟವಾಗದು.

ಆಮೇಲೆ ಮನೋವೈಜ್ಞಾನಿಕ ಪರೀಕ್ಷೆ, 50 ಅಂಕಗಳ ಸಂದರ್ಶನ. ‘ಸೇನೆಗೇ ಏಕೆ?’ ಎಂಬ ಪ್ರಶ್ನೆಗೆ ಕಂಠಪಾಠದ ಉತ್ತರ ಒಯ್ಯಬೇಡಿ. ಏಳು ವರ್ಷದ ಮಾತನ್ನು ಮನೆಯಲ್ಲಿ ನಿಜವಾಗಿ ಆಡಿದ್ದರೆ ಉತ್ತರ ಬಾಯಿಗೆ ತಾನಾಗಿ ಬರುತ್ತದೆ.

ಕೊನೆಯದು ವೈದ್ಯಕೀಯ ತಪಾಸಣೆ. ದೃಷ್ಟಿ, ಕಿವಿ, ತೂಕ, ಪಾದ, ಮೊಣಕಾಲು ಎಲ್ಲವನ್ನೂ ನೋಡುತ್ತಾರೆ. ಬಣ್ಣ ಗುರುತಿಸುವ ಶಕ್ತಿಯನ್ನು ಹತ್ತನೇ ತರಗತಿಯಲ್ಲೇ ಒಬ್ಬ ನೇತ್ರತಜ್ಞರ ಬಳಿ ಪರೀಕ್ಷಿಸಿಕೊಳ್ಳಿ. ಚುಕ್ಕಿಗಳ ನಡುವಿನ ಅಂಕಿ ಓದಿಸುತ್ತಾರೆ, ಹತ್ತು ನಿಮಿಷದ ಕೆಲಸ. ಹುಟ್ಟಿನಿಂದ ಬಂದ ಬಣ್ಣಗುರುಡಿಗೆ ಚಿಕಿತ್ಸೆಯಿಲ್ಲ. ಮೊದಲೇ ತಿಳಿದರೆ ಬೇರೆ ದಾರಿಯನ್ನು ಸಮಾಧಾನದಿಂದ ನೋಡಬಹುದು. ಕಿವಿಯ ಗುಗ್ಗೆ, ಹೆಚ್ಚಿದ ತೂಕ ಇವನ್ನು ಹೊರಡುವ ಮೊದಲೇ ಸರಿಪಡಿಸಿಕೊಳ್ಳಬಹುದು. ಅನರ್ಹರೆಂದು ಬರೆದರೆ ಮೇಲ್ಮನವಿಗೆ ಅವಕಾಶವಿದೆ, ಅದನ್ನು ಬಿಡಬೇಡಿ.

ಹುಡುಗಿಯರಿಗೆ 30 ಸೀಟು ಸಾಲದೆಂಬುದು ನನ್ನ ದೃಢವಾದ ಅಭಿಪ್ರಾಯ. 2024ರಲ್ಲಿ ಭೂಸೇನೆಯ ವೈದ್ಯಕೀಯ ಸೇವೆಗಳ ಮುಖ್ಯಸ್ಥೆಯಾದ ಸಾಧನಾ ಸಕ್ಸೇನಾ ನಾಯರ್, ಮೂರೂ ಪಡೆಗಳ ವೈದ್ಯಕೀಯ ಸೇವೆಯ ಚುಕ್ಕಾಣಿ ಹಿಡಿದ ಆರತಿ ಸರಿನ್ ಇಬ್ಬರೂ ಇದೇ ಕಾಲೇಜಿನವರು. ಆ ಹುದ್ದೆಗಳಿಗೇರಿದ ಮೊದಲ ಮಹಿಳೆಯರು.

ಪುಣೆ ತಪ್ಪಿದರೆ

ಹುಡುಗಿಯರಿಗೆ ನಮ್ಮ ಬೆಂಗಳೂರಲ್ಲೇ ಒಂದು ಬಾಗಿಲಿದೆ. ಹಳೆ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್‌ಗೆ 40 ಸೀಟುಗಳಿವೆ. ಇದಕ್ಕೂ ನೀಟ್ ಅಂಕವೇ ಆಧಾರ, ಆದರೆ ಅರ್ಜಿ ಹಾಕುವುದು ಭೂಸೇನೆಯ ನೇಮಕಾತಿ ಜಾಲತಾಣದಲ್ಲಿ. ಮುಗಿಸಿದವರು ಸೇನಾ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್ ಆಗುತ್ತಾರೆ.

ಬೇರೆ ಕಾಲೇಜಿನಲ್ಲಿ ಎಂಬಿಬಿಎಸ್ ಓದಿದವರಿಗೂ ದಾರಿ ಮುಚ್ಚಿಲ್ಲ. ಇಂಟರ್ನ್‌ಶಿಪ್ ಮುಗಿಸಿ, 30 ವರ್ಷ ತುಂಬುವ ಮೊದಲು ಶಾರ್ಟ್ ಸರ್ವಿಸ್ ಕಮಿಷನ್‌ಗೆ, ಅಂದರೆ ಸೀಮಿತ ಅವಧಿಯ ಅಧಿಕಾರಿ ಸೇವೆಗೆ, ಅರ್ಜಿ ಹಾಕಬಹುದು. ಆಯ್ಕೆಯಾದವರು ಸೇರುವುದೇ ಕ್ಯಾಪ್ಟನ್ ಆಗಿ. ಮುಂದೆ ತಜ್ಞರಾಗುವ ಆಸೆಯಿದ್ದರೆ ಬೆಂಗಳೂರಿನ ವಿಮಾನಪುರದ ಏರೋಸ್ಪೇಸ್ ಮೆಡಿಸಿನ್, ಅಂದರೆ ವಿಮಾನ ಮತ್ತು ಬಾಹ್ಯಾಕಾಶ ಹಾರಾಟದ ವೈದ್ಯಶಾಸ್ತ್ರದ, ಸಂಸ್ಥೆಯನ್ನು ನೆನಪಿಡಿ. ಗಗನಯಾನಕ್ಕೆ ಆಯ್ಕೆಯಾದ ಪೈಲಟ್‌ಗಳ ದೇಹವನ್ನು ಪರೀಕ್ಷಿಸಿದ್ದು ಅಲ್ಲಿಯ ವೈದ್ಯರೇ.